ಖಾಲಿ ಉಳಿದ ಏಳನೇ ಮೊಳೆ

ಮುಚ್ಚಿದ ಚಿನ್ನದ ಗಣಿಯ ಸೈನೈಡ್ ದಿಬ್ಬದಿಂದ ಹಾರಿಬಂದ ದೂಳನ್ನು ಇನ್ಸ್‌ಪೆಕ್ಟರ್ ಶಶಿರೇಖ ಮೇಜಿನಿಂದ ಒರೆಸುತ್ತಿದ್ದಾಗ ವಿಜಯಕುಮಾರ್ ದೂರು ಹಿಡಿದು ಠಾಣೆಗೆ ಬಂದರು. ದಿಬ್ಬದ ಮಣ್ಣಿನಲ್ಲಿ ಉಳಿದ ಚಿನ್ನ ತೆಗೆಯಲು ಹೊರಟ ಕಂಪನಿಯ ಮ್ಯಾನೇಜರ್ ಅವರು. ರಾತ್ರಿ ಯಾರೋ ಕೊರೆಯುವ ಯಂತ್ರದ ಕೇಬಲ್ ಕಡಿದಿದ್ದರು.

"ನಾಳೆ ಸಾಲ ಕೊಡೋರು ಜಾಗ ನೋಡೋಕೆ ಬರ್ತಾರೆ ಮೇಡಂ. ಕಾವಲಿನವನು ದೆವ್ವ ಅಂತ ಓಡಿಹೋಗಿದ್ದಾನೆ."

"ದೆವ್ವ ಕೇಬಲ್ ತಕೊಂಡು ಏನ್ ಮಾಡ್ತದೆ ಸಾ, ಗುಜರಿಗೆ ಆಕ್ತದಾ?" ಎಂದರು ಹೆಡ್ ಕಾನ್‌ಸ್ಟೆಬಲ್ ಆದಿನಾರಾಯಣ.

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ನಂದಿದುರ್ಗ ಗಣಿಯ ದಿಬ್ಬದಲ್ಲಿ ಪಂಚನಾಮೆ. ಕೇಬಲ್ಲಿನ ಒಂದು ತುಂಡೂ ಕಳುವಾಗಿರಲಿಲ್ಲ. ಯಂತ್ರದ ಶೆಡ್ಡಿನ ಬಾಗಿಲಿಗೆ ಹೊಸದಾಗಿ ಏಳು ಮೊಳೆ ಹೊಡೆದಿತ್ತು. ಆರರಲ್ಲಿ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆ. ಗಾಳಿ ಬೀಸಿದಾಗಲೆಲ್ಲ ಅವು ಬಾಗಿಲಿಗೆ ಬಡಿಯುತ್ತಿದ್ದವು, ಒಳಗಿನಿಂದ ಯಾರೋ ತಟ್ಟಿದ ಹಾಗೆ.

ಶಶಿರೇಖ ಖಾಲಿಯಿದ್ದ ಏಳನೇ ಮೊಳೆಯನ್ನು ಮುಟ್ಟಿ ನೋಡಿದರು. ಅಪ್ಪನ ಕಾಲದಲ್ಲಿ ಗಣಿಗೆ ಇಳಿಯುವವನು ತನ್ನ ಬಿಲ್ಲೆ ಒಯ್ದು, ಮೇಲೆ ಬಂದ ಮೇಲೆ ಮೊಳೆಗೆ ಹಾಕುತ್ತಿದ್ದ. ಮೊಳೆ ಖಾಲಿಯಿದ್ದರೆ ಅವನು ಇನ್ನೂ ಕೆಳಗಿದ್ದಾನೆಂದು ಅರ್ಥ.

"ನಿಮ್ಮ ಕಂಪನಿಯಲ್ಲಿ ಹಳೇ ಗಣಿ ಕೆಲಸಗಾರರಿಗೂ ಷೇರಿದೆ ಅಲ್ವಾ? ಅವರು ಏಳು ಜನಾನಾ?" ಎಂದು ವಿಜಯಕುಮಾರರನ್ನು ಕೇಳಿದರು.

"ಒಂದೇ ಗ್ಯಾಂಗಿನೋರು. ಆರು ಜನ ತೀರ್ಕೊಂಡ್ರು, ಪಾಲು ಹೆಂಡತಿಯರಿಗೆ ಬಂತು. ಉಳಿದೋರು ಸೆಲ್ವರಾಜ್."

"ಅವರಿಗೇನು ಸಿಟ್ಟು?"

ವಿಜಯಕುಮಾರ್ ಕೆಮ್ಮಿದರು. "ಸಾಲ ಕೊಡೋರಿಗೆ ಹೊಸ ಷೇರು ಕೊಡ್ಬೇಕು, ಅವರ ಷರತ್ತು. ಗಣಿಯವರದ್ದು ನೂರಕ್ಕೆ ಮೂವತ್ತಿದ್ದದ್ದು ಎರಡಕ್ಕಿಳಿಯುತ್ತೆ. ನೋಟೀಸ್ ಕಳಿಸಿದ್ವಿ."

"ಯಾವ ಭಾಷೇಲಿ?"

"ಇಂಗ್ಲಿಷಲ್ಲಿ."

ಸೆಲ್ವರಾಜ್ ಮನೆಗೆ ಬೀಗ. ಪಕ್ಕದ ಮನೆಯ ಪಾಪಕ್ಕ, ಸತ್ತ ಆರು ಜನರಲ್ಲೊಬ್ಬರ ಹೆಂಡತಿ, ಹೇಳಿದರು: "ಬಂಗಾರಪೇಟೆಗೆ ಓಗವ್ನೆ. ಕಾಗ್ದ ಪೋಸ್ಟಿಗೆ ಆಕಿ ಬತ್ತೀನಿ ಅಂತಾನೆ, ದಿನಾ ವಾಪಸ್ ತತ್ತಾನೆ."

ಸಂಜೆ ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ, ಅಂಚೆ ಡಬ್ಬಿಯ ಪಕ್ಕದ ಬೆಂಚಿನಲ್ಲಿ ಮುದುಕರಾದ ಸೆಲ್ವರಾಜ್ ಸಿಕ್ಕಿದರು.

"ಕೇಬಲ್ ಕಡಿದದ್ದು?"

"ನಾನೇಮ್ಮಾ."

"ಬಿಲ್ಲೆಗಳು?"

"ಒಬ್ಬೊಬ್ರು ಸತ್ತಾಗ್ಲೂ ಮನೆಯೋರು ನಂಗೇ ತಂದ್ಕೊಟ್ರು. ಷೇರಿಗೆ ಸೇರ್ಸಿದೋನು ನಾನಲ್ವಾ. ಅವರ ಶಿಫ್ಟ್ ಮುಗೀತು. ನಂದು ಮುಗಿದಿಲ್ಲ."

ಜೇಬಿನಿಂದ ಅಂಚೆಚೀಟಿ ಹಚ್ಚಿದ ಕಾಗದ ತೆಗೆದರು. ಹೊಸ ಷೇರಿನ ವಿರುದ್ಧ ಕಂಪನಿ ನ್ಯಾಯಮಂಡಳಿಗೆ ಬರೆದ ತಕರಾರು, ಮಡಿಕೆಗಳು ಸವೆದಿದ್ದವು.

"ಇದ್ನ ಆಕಿದ್ರೆ ಸಾಲ ನಿಂತು ಕೆಲಸಾನೇ ಮುಳುಗ್ತದೆ. ಆಕ್ದಿದ್ರೆ ಆ ಹೆಂಗಸರ ಪಾಲು ಓಯ್ತು. ಮಿಷನ್ ನಿಂತ್ರೆ ಸಾಲದೋರು ತಡೀತಾರೆ, ಇನ್ನೊಂದಿನ ಯೋಚ್ನೆ ಮಾಡಾನ ಅಂತ ಕೇಬಲ್ ಕಡಿದೆ."

ಐದೂ ಮುಕ್ಕಾಲಿಗೆ ದಸ್ತಗಿರಿ ಎಂದು ಬರೆಯಲಾಯಿತು. ಷೇರಿಗೆ ಸೇರಿಸಿದ್ದಕ್ಕೆ ಆರು ಹೆಂಗಸರಲ್ಲಿ ಒಬ್ಬರೂ ಸೆಲ್ವರಾಜರನ್ನು ಬೈದಿರಲಿಲ್ಲವಂತೆ. ಅದೇ ಅವರ ನಿದ್ದೆ ಕೆಡಿಸಿತ್ತು.

"ನಿಮ್ಮ ಬಿಲ್ಲೆ ಕೊಡಿ," ಎಂದರು ಶಶಿರೇಖ. "ಪಂಚನಾಮೆಗೆ ಬೇಕು. ಕಾಗದ ಬೇಡ, ಅದು ನಿಮ್ಮದು."

"ಇದ್ನ ಆಕ್ಬಿಟ್ಟು ಕೊಡ್ತೀನಮ್ಮಾ."

ಆದಿನಾರಾಯಣ ಮುದುಕರ ಮೊಣಕೈ ಹಿಡಿದು ಎಬ್ಬಿಸಿದರು. ಸೆಲ್ವರಾಜ್ ಕಾಗದವನ್ನು ಡಬ್ಬಿಯ ಬಾಯಿಗಿಟ್ಟು, ಕಣ್ಣುಮುಚ್ಚಿ, ಕೈ ಬಿಟ್ಟರು.