ತಳದ ಮೂರು ತೂತುಗಳು

"ಮೇಸ್ತ್ರಿ, ಈ ಬಾಗಿಲಿಗೆ ಏನಾದ್ರೂ ಒಂದು ಗತಿ ಕಾಣ್ಸಿ. ಇಲ್ಲಾಂದ್ರೆ ಕಿತ್ತು ಸಮುದ್ರಕ್ಕೆ ಎಸೆದುಬಿಡ್ತೀನಿ."

ಟ್ಯಾಕ್ಸಿಯ ದೇಶೆಂಗ್ ಈ ಮಾತಾಡುತ್ತಲೇ ಗ್ಯಾರೇಜಿನೊಳಗೆ ಬಂದಾಗ ಬೆಳಗಿನ ಒಂಬತ್ತು ಗಂಟೆ. ಹೊರಗೆ ಕೀಲುಂಗ್ ಬಂದರಿನ ಮಳೆ ಎಂದಿನಂತೆ ಹಿಡಿದಿತ್ತು. ಕಾರಿನ ಸೋರಿಕೆ ಹುಡುಕುವುದರಲ್ಲಿ ಲಿಯಾವ್ ಮೇಸ್ತ್ರಿಗೆ ಸರಿಗಟ್ಟುವವರು ಆ ಊರಿನಲ್ಲಿರಲಿಲ್ಲ. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ನೆನೆಯುವ ಊರಿನಲ್ಲಿ ಅದು ಸಣ್ಣ ಹೆಸರಲ್ಲ. ನೀರು ಎಲ್ಲಿ ಕಾಣಿಸುತ್ತದೋ ಅಲ್ಲಿಂದ ಬಂದಿರುವುದಿಲ್ಲ ಎಂಬುದು ಅವರ ಮಾತು. ಕಾಣೆಯಾದ ಉಂಗುರ, ಹೆಸರಿಲ್ಲದ ಪತ್ರ, ನೆರೆಹೊರೆಯ ಕಳವು, ಇಂಥವನ್ನೂ ಜನ ಅವರ ಬಳಿಗೆ ತರುತ್ತಿದ್ದರು. ಮೇಸ್ತ್ರಿ ಅವನ್ನೂ ಸೋರಿಕೆಯಂತೆಯೇ ನೋಡುತ್ತಿದ್ದರು.

ಹತ್ತೊಂಬತ್ತು ವರ್ಷಗಳಿಂದ ಅದೇ ಗ್ಯಾರೇಜಿನಲ್ಲಿ ಸೀಟು ಹೊಲಿಯುತ್ತಿದ್ದ ಶಿಯುಲಾನ್ ಸೂಜಿಯಿಂದ ಕಣ್ಣೆತ್ತದೆ ಕೇಳಿದಳು: "ಎಷ್ಟು ಕಡೆ ತೋರಿಸಿಕೊಂಡು ಬಂದೆಯೋ?"

"ನಾಲ್ಕು ಕಡೆ ಅಕ್ಕ."

"ಊರ ದೇವರಿಗೆಲ್ಲ ಕೈಮುಗಿದು ಕೊನೆಗೆ ಮನೆದೇವರ ನೆನಪಾಯ್ತು ನಿನಗೆ."

"ಬೈಬೇಡಿ ಅಕ್ಕ. ಎಲ್ಲರೂ ಗಾಜಿನ ಪಟ್ಟಿ ಬದಲಾಯಿಸೋರೇ. ತಿರುವಿನಲ್ಲಿ ಬಾಗಿಲೊಳಗೆ ಗುಳುಗುಳು ಅಂತದೆ. ಹತ್ತಿದವರು ಕೇಳ್ತಾರೆ, ಏನಪ್ಪಾ, ಬಾಗಿಲಲ್ಲಿ ಮೀನು ಸಾಕಿದೀಯಾ ಅಂತ. ನಿನ್ನೆ ಒಬ್ಬಳು ಅಜ್ಜಿ ಕಾಲು ನೆನೀತು ಅಂತ ಛತ್ರಿಯಲ್ಲಿ ಬೆನ್ನಿಗೇ ಬಾರಿಸಿದ್ಲು."

"ಯಾವಾಗಿನಿಂದ?" ಎಂದರು ಮೇಸ್ತ್ರಿ.

"ಹೋದ ವಸಂತದಿಂದ." ದೇಶೆಂಗನ ನಗು ಅಲ್ಲಿಗೆ ನಿಂತಿತು. "ತಂಗಿಯ ಮನೆ ಮುರಿದುಬಿತ್ತಲ್ಲ, ಆಗಿನಿಂದ. ಬೇಗ ಮುಗಿಸಿಕೊಡಿ ಮೇಸ್ತ್ರಿ. ಎರಡು ಗಂಟೆಗೆ ಅವಳನ್ನ ನೋಂದಣಿ ಕಚೇರಿಗೆ ಕರಕೊಂಡು ಹೋಗ್ಬೇಕು. ಇವತ್ತು ವಿಚ್ಛೇದನ."

ಆ ಸಂಗತಿ ಬಂದರಿಗೆಲ್ಲ ಗೊತ್ತಿದ್ದದ್ದೇ. ದೇಶೆಂಗನ ತಂಗಿ ಮೇಯೂ ಮೀನುಂಡೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳ ಗಂಡ ಬೋವೆನ್ ಹಡಗಿನ ಕೆಲಸಗಾರ. ಮಾವ ಜಿನ್‌ಶುಯಿ ನಲವತ್ತು ವರ್ಷ ಮರದ ದೋಣಿಗಳನ್ನು ದುರಸ್ತಿ ಮಾಡಿ, ಕೈ ನಡುಗತೊಡಗಿದ ಮೇಲೆ ಉಳಿ ಕೆಳಗಿಟ್ಟವನು. ಅವನ ಹಿರಿಯ ಮಗ ಸಮುದ್ರಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಹೋದ ವಸಂತದಲ್ಲಿ ಬೋವೆನ್ ದೂರದ ಯಾನಕ್ಕೆ ಹೊರಟು ನಿಂತ. ಹಿಂದಿನ ಸಂಜೆ ಬೀಳ್ಕೊಡುಗೆಯ ಊಟ. ದೇಶೆಂಗ್ ಆ ರಾತ್ರಿ ಅಲ್ಲೇ ಉಳಿದ, ಅವನ ಟ್ಯಾಕ್ಸಿ ಮನೆಯ ಮುಂದೆ ನಿಂತಿತ್ತು, ಕೀಲಿ ಊಟದ ಮೇಜಿನ ಮೇಲೇ ಇತ್ತು. ಊಟದ ಹೊತ್ತಿಗೆ ಬೋವೆನ್‌ನ ಚೀಲದಲ್ಲಿದ್ದ ನಾವಿಕ ಪುಸ್ತಕ ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಬಂದರು ತಲುಪಿದಾಗ ಇರಲಿಲ್ಲ. ಆ ಗುರುತಿನ ಪುಸ್ತಕವಿಲ್ಲದೆ ಯಾರೂ ಹಡಗು ಹತ್ತುವಂತಿಲ್ಲ. ಸೀಟು, ಡಿಕ್ಕಿ, ಮನೆ, ಹಿತ್ತಲು ಎಲ್ಲವನ್ನೂ ಜಾಲಾಡಿದರು. ಹಡಗು ಹೊರಟುಹೋಯಿತು.

ಹೋಗಬೇಡಿ ಎಂದು ವಾರವಿಡೀ ಅತ್ತವಳು ಮೇಯೂ. ಆದ್ದರಿಂದ ಕದ್ದವಳೂ ಅವಳೇ ಎಂದಾಯಿತು. "ನಾನು ತೆಗೆದಿಲ್ಲ" ಎಂದು ಅವಳು ಒಂದೇ ಸಲ ಹೇಳಿದಳು. ಬೋವೆನ್ ನಂಬಲಿಲ್ಲ. ಆ ಸಂಜೆಯೇ ಅಣ್ಣ ಅವಳನ್ನು ತವರಿಗೆ ಕರೆತಂದ. ಟ್ಯಾಕ್ಸಿ ಮತ್ತೆ ಆ ಬೀದಿಗೆ ಹೋಗಲಿಲ್ಲ. ಎರಡು ತಿಂಗಳ ಮೇಲೆ ಬೋವೆನ್ ಹೊಸ ಪುಸ್ತಕ ಮಾಡಿಸಿಕೊಂಡು ಹಡಗು ಹತ್ತಿದ. ಈಗ ತಿರುಗಿ ಬಂದಿದ್ದ, ಸಹಿ ಹಾಕುವುದಕ್ಕೆ.

"ಹೋಗೋದು ಹೋಗಲಿ," ದೇಶೆಂಗ್ ಹೇಳಿದ, "ಕಳ್ಳಿ ಅನ್ನೋ ಹೆಸರು ಹೊತ್ತುಕೊಂಡು ಹೋಗ್ತಾಳಲ್ಲ ಮೇಸ್ತ್ರಿ. ಅಂಗಡಿಯಲ್ಲಿ ಅವಳ ಮುಂದೆ ಯಾರೂ ಕೈಚೀಲ ಇಡಲ್ಲ."

ಮೇಸ್ತ್ರಿ ಬಾಗಿಲಿನ ಕಡೆ ತಿರುಗಿದರು. ಹಿಂದಿನ ಎಡಬಾಗಿಲು. ಒಳಹಲಗೆಯನ್ನು ಹಿಡಿದಿದ್ದ ಪ್ಲಾಸ್ಟಿಕ್ ಗುಂಡಿಗಳನ್ನು ಒಂದೊಂದಾಗಿ ಎಬ್ಬಿಸಿದರು. ಏಳು ಗುಂಡಿಗಳು ಟಕ್ ಟಕ್ ಎಂದು ಬಂದವು. ಎಂಟನೆಯದು ಬರಲಿಲ್ಲ. ಅದು ಗುಂಡಿಯೇ ಅಲ್ಲ, ಕರ್ಪೂರದ ಮರದಿಂದ ಹೆರೆದು ಕೂರಿಸಿದ ಬೆಣೆ. ಮೇಸ್ತ್ರಿ ಅದನ್ನು ಮೂಸಿ ನೋಡಿ ಶಿಯುಲಾನಳ ಮೇಜಿನ ಮೇಲಿಟ್ಟರು.

ಹಲಗೆಯ ಹಿಂದೆ ನೀರು ಒಳಬರದಂತೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಹೊಟ್ಟೆಯಂತೆ ಉಬ್ಬಿ ನಿಂತಿತ್ತು. ಅಂಚು ಬಿಡಿಸಿದ್ದೇ ತಡ, ಒಂದು ಬಕೆಟ್ಟಿನಷ್ಟು ನೀರು ಶಿಯುಲಾನಳ ಚಪ್ಪಲಿಯ ಮೇಲೆ ಸುರಿಯಿತು.

"ಮೀನು ಬರಲಿಲ್ಲವಲ್ಲೋ," ಎಂದಳು ಅವಳು.

ಮೇಸ್ತ್ರಿ ನಗಲಿಲ್ಲ. ಬಾಗಿಲಿನ ತಳಕ್ಕೆ ದೀಪ ಹಿಡಿದರು. ಅಲ್ಲಿ ನೀರು ಹರಿದುಹೋಗಲು ಕಾರು ಮಾಡಿದವರೇ ಬಿಟ್ಟ ಮೂರು ತೂತುಗಳಿರಬೇಕು. ಮೂರೂ ಮುಚ್ಚಿದ್ದವು. ಕೆಸರಿನಿಂದಲ್ಲ, ನಾರು ಬೆರೆತ, ಬೂದುಬಣ್ಣದ, ಕಲ್ಲಿನಂತೆ ಗಟ್ಟಿಯಾದ ಗಾರೆಯಿಂದ. ಉಳಿಯ ತುದಿಯಿಂದ ಕೆದಕಿದರೆ ಅದು ಪದರಪದರವಾಗಿ ಎದ್ದಿತು: ನಾರು, ಗಾರೆ, ಮತ್ತೆ ನಾರು. ಒಂದೊಂದು ಪದರವನ್ನೂ ಬಡಿದು ಕೂರಿಸಿದ್ದರು.

ಆಮೇಲೆ ಮೇಸ್ತ್ರಿಯ ಕೈ ಬಾಗಿಲಿನೊಳಗೆ ಮೇಲಕ್ಕೆ ಹೋಯಿತು. ಕಬ್ಬಿಣದ ಪಟ್ಟಿಗೆ ಕಟ್ಟಿದ್ದ, ಎಣ್ಣೆಬಟ್ಟೆಯ ಪುಟ್ಟ ಗಂಟೊಂದರ ಜೊತೆ ಕೆಳಗೆ ಬಂತು. ಮೂರು ಸುತ್ತು ಬಟ್ಟೆ, ಅಂಚಿಗೆಲ್ಲ ಮೇಣ. ಬಿಚ್ಚಿದರೆ ಒಳಗೆ ಬೋವೆನ್‌ನ ನಾವಿಕ ಪುಸ್ತಕ. ಹನ್ನೊಂದು ತಿಂಗಳು ನೀರಿನ ಮೇಲೆ ತೂಗಿದ್ದರೂ ಅದರ ಒಂದು ಹಾಳೆಯೂ ನೆನೆದಿರಲಿಲ್ಲ. ಫೋಟೋದಲ್ಲಿ ಬೋವೆನ್ ನಗುತ್ತಿದ್ದ.

ದೇಶೆಂಗ್ ನೆಲದ ಮೇಲೆ ಕುಸಿದ. "ಮುಗೀತು. ಇನ್ನು ಕದ್ದವಳು ಅವಳು, ಬಚ್ಚಿಟ್ಟವನು ನಾನು ಅಂತಾರೆ ಎಲ್ಲರೂ. ಮೇಸ್ತ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಇದನ್ನ ಸುಟ್ಟುಬಿಡೋಣ. ನಾನು ನೋಡಿಲ್ಲ, ನೀವು ನೋಡಿಲ್ಲ."

"ಇಟ್ಟವರು ಸುಡಲಿಲ್ಲ. ನಾವು ಯಾಕೆ ಸುಡೋಣ?" ಎಂದರು ಮೇಸ್ತ್ರಿ. "ಎಲ್ಲರಿಗೂ ಫೋನ್ ಮಾಡು. ಹೇಗೂ ಎರಡು ಗಂಟೆಗೆ ಪೇಟೆಗೆ ಬರೋರೇ. ಹನ್ನೆರಡಕ್ಕೆ ಇಲ್ಲಿಗೆ ಬರಲಿ. ನಿನ್ನ ತಂಗಿ, ಅವಳ ಗಂಡ, ಗಂಡನ ಅಪ್ಪ."

ದೇಶೆಂಗ್ ಫೋನಿನ ಕಡೆ ಹೋದ ಮೇಲೆ ಶಿಯುಲಾನ್ ಮೆಲ್ಲಗೆ ಕೇಳಿದಳು: "ಗಂಡನೇ ಇಟ್ಟಿರಬಹುದಾ? ಹೆಂಡತಿಯನ್ನ ಬಿಡೋಕೆ ಒಂದು ನೆಪ ಬೇಕಿತ್ತೇನೋ. ದೋಣಿಯವರ ಮಗ, ದೋಣಿಯ ಸಂದಿ ಮುಚ್ಚೋ ಈ ಗಾರೆ ಗೊತ್ತಿರುತ್ತೆ."

"ಇರಬಹುದು. ಕೇಳೋಣ," ಎಂದರು ಮೇಸ್ತ್ರಿ. ಅವರ ಮುಖ ಮಾತ್ರ ಆಗಲೇ ಬಾಡಿತ್ತು. ಉತ್ತರ ತಿಳಿದು ಬೇಸರಪಟ್ಟಾಗ ಅವರು ಚಹಾವನ್ನು ಕುಡಿಯದೆ ಆರಿಸುವುದನ್ನು ಶಿಯುಲಾನ್ ಬಲ್ಲಳು. ಅಂದು ಅವರ ಲೋಟ ಮೂರು ಸಲ ಆರಿತು.

ಹನ್ನೆರಡಕ್ಕೆ ಎಲ್ಲರೂ ಬಂದರು. ಮೇಯೂ ಕೆಲಸದ ರಬ್ಬರ್ ಬೂಟಿನಲ್ಲೇ ಬಂದು ಅಣ್ಣನ ಪಕ್ಕ ನಿಂತಳು. ಬೋವೆನ್ ಗ್ಯಾರೇಜಿನ ಬಾಗಿಲ ಬಳಿಯೇ ನಿಂತ. ಮುದುಕ ಜಿನ್‌ಶುಯಿಗೆ ಶಿಯುಲಾನ್ ತನ್ನ ಸ್ಟೂಲು ಕೊಟ್ಟಳು. ಕಾರಿನ ಬಾಗಿಲಿಗೆ ಒಳಹಲಗೆಯನ್ನು ಮತ್ತೆ ಹಾಕಲಾಗಿತ್ತು. ಪುಸ್ತಕ ಮೇಸ್ತ್ರಿಯ ಜೇಬಿನಲ್ಲಿತ್ತು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು ಮೇಸ್ತ್ರಿ. "ಈ ಬಾಗಿಲಿನ ತಳದಲ್ಲಿ ಮೂರು ತೂತು ಇವೆ. ಒಳಗೊಂದು ವಸ್ತು ನೆನೆಯದ ಹಾಗೆ ಇಡಬೇಕು. ತೂತುಗಳನ್ನ ಏನು ಮಾಡ್ತೀರಿ? ದೇಶೆಂಗ್?"

"ತಂತಿ ಹಾಕಿ ಬಿಡಿಸ್ತೀನಿ. ಹೊಸ ವರ್ಷಕ್ಕೆ ಕಾರು ತೊಳೆಯುವಾಗ ಪ್ರತಿ ಸಲ ಮಾಡೋದೇ. ಈ ಸಲ ಇನ್ನೂ ಮಾಡಿಲ್ಲ."

"ಬೋವೆನ್?"

"ಇದೇನು ಶಾಲೆಯಾ?" ಬೋವೆನ್ ಸಿಡುಕಿದ. "ಬಿಡಬೇಕು. ಹಡಗಿನ ಮೇಲ್ತಟ್ಟಿನಲ್ಲೂ ಅಂಚಿಗೆ ತೂತು ಇರ್ತವೆ. ಮುಚ್ಚಿದ್ರೆ ಅಲೆ ಹತ್ತಿದ ನೀರು ಇಳಿಯೋದೇ ಇಲ್ಲ. ಅದನ್ನ ಕಸ ಬಿಡಿಸಿ ಬಿಡಿಸಿ ನನ್ನ ಉಗುರು ಹೋಗಿವೆ."

"ಮೇಯೂ?"

ಮೇಯೂ ನೆಲ ನೋಡಿದಳು.

ಜಿನ್‌ಶುಯಿಯನ್ನು ಮೇಸ್ತ್ರಿ ಕೇಳಲೇ ಇಲ್ಲ. ಮುದುಕ ತಾನಾಗಿ ತಲೆಯಾಡಿಸಿ ನಕ್ಕ. "ಏನು ಮಕ್ಕಳಪ್ಪಾ! ತಳದಲ್ಲಿ ತೂತು ಇದ್ರೆ ಯಾರಾದ್ರೂ ಬಿಡ್ತಾರಾ? ಮೊದಲು ಅದನ್ನ ಮುಚ್ಚಬೇಕು. ನಾರು ತುಂಬಿ..."

ಮಾತು ಅಲ್ಲಿಗೆ ಕಡಿಯಿತು. ಮೇಸ್ತ್ರಿ ಜೇಬಿನಿಂದ ಪುಸ್ತಕ ತೆಗೆದು ಸೀಟಿನ ಮೇಲಿಟ್ಟರು.

"ನಾಲ್ಕು ಗ್ಯಾರೇಜಿನವರು ಮೇಲೆ ಹುಡುಕಿದ್ರು," ಅವರು ನಿಧಾನವಾಗಿ ಹೇಳಿದರು. "ತಪ್ಪು ಅವರದ್ದಲ್ಲ, ತಳದ ತೂತನ್ನ ಯಾರಾದ್ರೂ ಬೇಕಂತ ಮುಚ್ತಾರೆ ಅಂತ ಯಾರಿಗೆ ಹೊಳೆಯುತ್ತೆ? ಕಾರಿನ ಬಾಗಿಲು ನೀರನ್ನ ತಡೆಯೋದಿಲ್ಲ. ಗಾಜಿನ ಸಂದಿಯಿಂದ ಒಳಗೆ ಬಿಟ್ಟುಕೊಂಡು ತಳದಿಂದ ಹೊರಗೆ ಕಳಿಸುತ್ತೆ. ಇದು ಕಾರಿನವರಿಗೆ ಗೊತ್ತು. ಹಾಗಾಗಿ ತೂತು ಮುಚ್ಚಿದವನು ದೇಶೆಂಗ್ ಅಲ್ಲ. ಕಬ್ಬಿಣದ ಹಡಗಿನವನಿಗೂ ಗೊತ್ತು, ಬೋವೆನ್ ಈಗ ತಾನೇ ಹೇಳಿದ. ನೀರು ಯಾವಾಗಲೂ ಕೆಳಗಿನಿಂದಲೇ ಬರುತ್ತೆ, ತಳದ ತೂತು ಅಂದ್ರೆ ಸಾವು, ಹೀಗೆ ಕೈಗೇ ಅಭ್ಯಾಸ ಆಗಿರೋದು ಮರದ ದೋಣಿಯವನಿಗೆ ಮಾತ್ರ. ನಾರು, ಗಾರೆ, ಮತ್ತೆ ನಾರು. ಪದರಪದರವಾಗಿ ಹಾಗೆ ಬಡಿಯೋಕೆ ವರ್ಷಗಟ್ಟಲೆ ಪಳಗಿದ ಕೈ ಬೇಕು. ಮೀನುಂಡೆ ಕಟ್ಟೋ ಕೈಗೆ ಅದು ಬರೋದಿಲ್ಲ. ಒಂದು ಗುಂಡಿ ಮುರಿದಾಗ ಆ ಮನುಷ್ಯ ಅಂಗಡಿಗೆ ಹೋಗಲಿಲ್ಲ, ಜೇಬಿನ ಚಾಕುವಿನಿಂದ ಬೆಣೆ ಹೆರೆದ. ಸೋರಿಕೆ ಶುರುವಾದದ್ದು ಹೋದ ವಸಂತ. ಆಗ ಕಾರು ಇಡೀ ರಾತ್ರಿ ನಿಂತದ್ದು ನಿಮ್ಮ ಮನೆ ಮುಂದೆ. ಬೆಳಗಾಗೋ ಮುಂಚೆ ಏಳೋದು ಹಳೇ ದೋಣಿಯವರ ಪದ್ಧತಿ."

"ಆದ್ರೆ ಮನೆ ಬಿಟ್ಟು ಕಾರಲ್ಲಿ ಯಾಕೆ?" ಶಿಯುಲಾನ್ ತಡೆಯಲಾರದೆ ಕೇಳಿದಳು.

"ಮನೆಯನ್ನ ಹುಡುಕ್ತಾರೆ ಅಂತ ಗೊತ್ತಿತ್ತು. ಬರೀ ಕೆಡಿಸಬೇಕು ಅಂದಿದ್ರೆ ಒಲೆ ಇತ್ತು. ಮಗನ ಫೋಟೋ ಇದ್ದ ಪುಸ್ತಕ. ಒಲೆಗೆ ಹಾಕೋಕೆ ಕೈ ಬರಲಿಲ್ಲ. ನೆನೆಯದ ಹಾಗೆ ಕಟ್ಟಿ, ಬಾಗಿಲನ್ನೇ ಒಂದು ದೋಣಿ ಮಾಡಿದ್ರು. ಆ ದೋಣಿ ತುಂಬಿಕೊಳ್ತು."

ಜಿನ್‌ಶುಯಿ ತನ್ನ ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡು ಅವನ್ನೇ ನೋಡುತ್ತಿದ್ದ.

"ಅಪ್ಪಾ?" ಎಂದ ಬೋವೆನ್.

"ನಿನ್ನ ಅಣ್ಣ ಹೋದ ನೀರಿಗೇ ಆ ಹಡಗು ಹೊರಟಿತ್ತು," ಮುದುಕ ಹೇಳಿದ. "ಅದು ಹೋದ ಮೇಲೆ ತೆಗೆದುಕೊಡೋಣ, ತಪ್ಪಾಯ್ತು ಅನ್ನೋಣ ಅಂತಿದ್ದೆ. ಸಂಜೆಯೊಳಗೆ ಮಾತು ಬೆಳೀತು. ಸೊಸೆ ಹೋದ್ಲು, ಕಾರೂ ಹೋಯ್ತು. ಮೊದಲ ದಿನ ಆಡದ ಮಾತು, ಎರಡನೇ ದಿನ ಗಂಟಲಿನಿಂದ ಏಳಲಿಲ್ಲ ಕಣೋ. ಹನ್ನೊಂದು ತಿಂಗಳು. ನೀನೂ ಹೋಗೇಬಿಟ್ಟೆ. ನಾನು ಒಬ್ಬನೇ ಕೂತು ಅವಳು ಉಪ್ಪು ಹಾಕಿಟ್ಟ ಸೊಪ್ಪು ತಿಂದೆ, ಅದು ಮುಗಿಯೋವರೆಗೂ."

ಬೋವೆನ್ ಹೆಂಡತಿಯ ಕಡೆ ತಿರುಗಿದ. ಅವಳ ಮುಖದಲ್ಲಿ ಬೆರಗಿರಲಿಲ್ಲ. ಅದನ್ನು ಕಂಡು ಅವನ ದನಿ ಇಳಿಯಿತು. "ನಿನಗೆ ಗೊತ್ತಿತ್ತಾ?"

"ಆ ಬೆಳಿಗ್ಗೆ ಗಂಜಿ ಬಡಿಸುವಾಗ ಮಾವನ ಉಗುರಲ್ಲಿ ನಾರು ನೋಡ್ದೆ. ಉಳಿ ಬಿಟ್ಟು ನಾಲ್ಕು ವರ್ಷ ಆಗಿತ್ತು. ಎಲ್ಲಿಟ್ಟಿದ್ದಾರೆ ಅಂತ ಗೊತ್ತಿರಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳಿದ್ರೆ..."

"ಹೇಳಿದ್ದೆ. ನಾನು ತೆಗೆದಿಲ್ಲ ಅಂತ ಹೇಳಿದ್ದೆ." ಮೇಯೂ ಅಳಲಿಲ್ಲ; ಅಳುವುದೆಲ್ಲ ಆ ವಸಂತದಲ್ಲೇ ಮುಗಿದಂತಿತ್ತು. "ಒಬ್ಬ ಮಗನನ್ನ ಸಮುದ್ರಕ್ಕೆ ಕೊಟ್ಟವರು. ಇನ್ನೊಬ್ಬನ ಮುಂದೆ ಕಳ್ಳ ಅಂತ ನಿಲ್ಲಿಸೋಕೆ ಮನಸ್ಸು ಬರಲಿಲ್ಲ. ಊರು ಏನಾದ್ರೂ ಅನ್ನಲಿ, ನೀವು ನಂಬಿದ್ರೆ ಸಾಕು ಅಂದ್ಕೊಂಡಿದ್ದೆ."

"ಈಗ ನಂಬ್ತೀನಿ ಮೇಯೂ."

"ಈಗ ಬಾಗಿಲು ಹೇಳಿದೆ. ನಂಬೋಕೆ ಏನು ಕಷ್ಟ?"

ಬೋವೆನ್ ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟ. ಅವನನ್ನು ತಡೆದದ್ದು ಯಾರ ಕೈಯೂ ಅಲ್ಲ. ದೇಶೆಂಗ್ ಏನೋ ಹೇಳಹೊರಟ; ಮೇಸ್ತ್ರಿ ಅವನ ಭುಜ ಒತ್ತಿದರು.

ಬಂದರಿನ ಟ್ಯಾಕ್ಸಿಯವರು ಈ ಕತೆ ಹೇಳುವಾಗ ಇಲ್ಲಿಂದ ಮುಂದೆ ಗಂಡ ಹೆಂಡತಿಯನ್ನು ಒಂದುಗೂಡಿಸುವುದುಂಟು. ಸವಾರಿ ದೂರದ್ದಾಗಿದ್ದರೆ ಮಗುವನ್ನೂ ಕೊಡುತ್ತಾರೆ. ಕಣ್ಣಾರೆ ಕಂಡ ಶಿಯುಲಾನ್ ಹಾಗೆ ಹೇಳಲಿಲ್ಲ.

ಅವಳು ಹೇಳಿದ್ದು ಇಷ್ಟು. ಮೇಯೂ ಕೈಚೀಲದಿಂದ ಕಾಗದ ತೆಗೆದು ಹೊಲಿಗೆಯ ಮೇಜಿನ ಮೇಲೆ ಹರವಿದಳು. ವಿಚ್ಛೇದನದ ಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಒಂದು ಜಾಗದಲ್ಲಿ ದೇಶೆಂಗ್ ಆಗಲೇ ಬರೆದಿದ್ದ. ಇನ್ನೊಂದು ಖಾಲಿ ಇತ್ತು. ಲಿಯಾವ್ ಮೇಸ್ತ್ರಿ ತಮ್ಮನ್ನೇ ಕೇಳುತ್ತಾಳೆಂದು ಕೈ ಒರೆಸಿಕೊಂಡರು. ಅವಳು ಪೆನ್ನನ್ನು ಮಾವನ ಮುಂದೆ ಹಿಡಿದಳು.

"ನೀವೇ ಹಾಕಿ ಮಾವ. ನಾನು ತೆಗೆದಿಲ್ಲ ಅಂತ ಮೊದಲಿನಿಂದ ಗೊತ್ತಿದ್ದವರು ನೀವೊಬ್ಬರೇ."

ಮುದುಕ ಮಗನ ಮುಖ ನೋಡಿದ, ಸೊಸೆಯ ಮುಖ ನೋಡಿದ. ಕೊನೆಗೆ ಪೆನ್ನು ತೆಗೆದುಕೊಂಡ. ಅವನ ಕೈ ತುಂಬ ನಡುಗುತ್ತಿತ್ತು. ಮೇಯೂ ಬಗ್ಗಿ, ಅಕ್ಷರ ಸೊಟ್ಟಗಾಗದಿರಲೆಂದು, ಕಾಗದದ ಅಂಚನ್ನು ಎರಡು ಬೆರಳಿನಿಂದ ಒತ್ತಿ ಹಿಡಿದುಕೊಂಡಳು.