ಗಣಿ ಪಿಶಾಚಿಯ ಒಳಮುಖ

"ಇದು ಅವನಲ್ಲ! ಅವನಲ್ಲ ಇದು!"

ಶನಿವಾರ ಬೆಳಿಗ್ಗೆ ಒಂಬತ್ತೂವರೆ. ಹಾಲ್‌ನ ಬಾಗಿಲು ತೆರೆಯಲು ಇನ್ನೂ ಅರ್ಧ ಗಂಟೆ ಇತ್ತು. ಹೊರಗೆ ಹೆಣಗಳು, ರಕ್ತಪಿಶಾಚಿಗಳು, ತಲೆಗೆ ಕೊಡಲಿ ಸಿಕ್ಕಿಸಿಕೊಂಡು ಡೋನಟ್ ತಿನ್ನುತ್ತಿದ್ದ ಒಬ್ಬ ಅಂಕಲ್, ಎಲ್ಲರೂ ಶಿಸ್ತಾಗಿ ಸಾಲಿನಲ್ಲಿ ನಿಂತಿದ್ದರು. ಅಮೆರಿಕದ ಟೊಲೀಡೊದಲ್ಲಿ ಹಾರರ್ ಅಭಿಮಾನಿಗಳ ಸಮ್ಮೇಳನ ಅಂದರೆ ಹೀಗೇ. ಬಂದವರ ಕೈಗೆ ಪಟ್ಟಿ ಕಟ್ಟುವುದು ನನ್ನ ಕೆಲಸ. ಇಲ್ಲಿ ಕಿರುಚಾಟ ಮಾಮೂಲು. ಆದರೆ ಈ ಕೂಗು ಕೇಳಿ ಪಟ್ಟಿಗಳನ್ನು ಬಿಟ್ಟು ಹಾಲ್ ಒಳಗೆ ಓಡಿದೆ.

ಕೂಗಿದವರು ಇಮೋಜೀನ್ ಸ್ಟ್ರಾಕಾ. ಎಂಬತ್ತೊಂದು ವರ್ಷ. ಕಣ್ಣಿಗೆ ಬೆಳಕು, ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ತೀರಿಹೋದ ಅವರ ಗಂಡ ಲೀಲ್ಯಾಂಡ್ ಐವತ್ತು ವರ್ಷದ ಹಿಂದೆ ಒಂದೇ ಒಂದು ಸಿನಿಮಾದಲ್ಲಿ ಉಪ್ಪಿನ ಗಣಿಯ ಪಿಶಾಚಿಯಾಗಿದ್ದರು. ಆಗ ಹಾಕಿದ್ದ ಮುಖವಾಡ ನೋಡಲು ಈಗಲೂ ಜನ ಮೂರು ರಾಜ್ಯ ದಾಟಿ ಬರುತ್ತಾರೆ.

ಮುಖವಾಡ ಮೇಜಿನ ಮೇಲೇ ಇತ್ತು. ಇಮೋಜೀನ್ ಅವರ ಕೈ ಅದರೊಳಗಿತ್ತು.

"ಇಲ್ಲೇ ಇದೆಯಲ್ಲ ಮಿಸ್ ಜೀನ್," ಅಂದೆ.

"ಪಿಶಾಚಿ ಇದೆ. ನನ್ನ ಗಂಡ ಇಲ್ಲ."

ಪಕ್ಕದಲ್ಲಿದ್ದ ಟೋಬಿನ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ಸೊಂಟದ ಆಪರೇಷನ್ ಆಗಿ ಮೂರು ವಾರ ಆಸ್ಪತ್ರೇಲಿದ್ರು. ಸೀದಾ ಅಲ್ಲಿಂದಾನೇ ಇಲ್ಲಿಗೆ ಕರ್ಕೊಂಡ್ ಬಂದೆ. ಸುಸ್ತು, ಅಷ್ಟೇ." ಪ್ರತಿ ವರ್ಷ ಅವರನ್ನು ಕಾರಿನಲ್ಲಿ ಕರೆತರುವ ಅಭಿಮಾನಿ ಅವನು. ಮಗನಿದ್ದರೂ ಅಷ್ಟು ನೋಡಿಕೊಳ್ಳುತ್ತಿರಲಿಲ್ಲವೇನೋ.

* * *

ಹೋಟೆಲಿನ ಭದ್ರತೆ ನೋಡಿಕೊಳ್ಳುವ ರೆನಾಟಾ ಬಾಗ್ಸ್ ಬಂದರು. ಇಪ್ಪತ್ತು ವರ್ಷ ಪೊಲೀಸ್ ಕೆಲಸ ಮಾಡಿದವರು.

"ನಿಜವಾದ ಹೆಣ ನೋಡಿ ಸಾಕಾಗಿದೆ ನಂಗೆ. ಇವ್ರು ದುಡ್ಡು ಕೊಟ್ಟು ಸುಳ್ಳು ಹೆಣ ನೋಡ್ತಾರೆ," ಅಂತ ಗೊಣಗಿ ಕುರ್ಚಿ ಎಳೆದುಕೊಂಡರು. "ಹೇಳಿ ಮೇಡಂ."

"ಅವನ ಮುಖದ ಅಚ್ಚು ತೆಗ್ದು, ಪ್ಲಾಸ್ಟರ್ ತಲೆ ಮಾಡಿ, ಅದರ ಮೇಲೆ ನೊರೆ ರಬ್ಬರ್ ಬೇಯಿಸಿದ್ರು. ಹೊರಗೆ ಪಿಶಾಚಿ. ಒಳಗೆ ನನ್ನ ಲೀಲ್ಯಾಂಡ್. ಮೂಗು, ತುಟಿ, ಎಲ್ಲಾ. ಹುಬ್ಬಿನ ಹತ್ರ ಅವನಿಗೊಂದು ಗಾಯದ ಗುಳಿ ಇತ್ತು. ಒಳಗೆ ಕೈ ಹಾಕಿದ್ರೆ ಅಲ್ಲಿ ಚಿಕ್ಕ ಉಬ್ಬು ಸಿಗುತ್ತೆ. ಫೋಟೋ ನಂಗೆ ಕಾಣಲ್ಲಮ್ಮಾ. ದಿನಾ ಬೆಳಿಗ್ಗೆ ಬೆರಳಲ್ಲೇ ಅವನನ್ನ ನೋಡ್ತೀನಿ." ಮುಖವಾಡವನ್ನು ದೂರ ತಳ್ಳಿದರು. "ಇದ್ರೊಳಗೆ ಬರೀ ನುಣುಪು. ಹುಡುಕಿಕೊಡಿ. ಇನ್ನೇನೂ ಬೇಡ ನಂಗೆ."

ಟೋಬಿನ್ ಅವರ ಮನೆಯಿಂದ ತಂದಿದ್ದ ಮುಖವಾಡದ ಪೆಟ್ಟಿಗೆ ನಿನ್ನೆ ಸಂಜೆಯಿಂದ ಹೋಟೆಲಿನ ಉಗ್ರಾಣದಲ್ಲಿತ್ತು. ಬೀಗದ ಕೈ ರೆನಾಟಾ ಹತ್ತಿರ. ಒಬ್ಬನೇ ಒಬ್ಬ ಅದನ್ನು ಕೇಳಿ ಒಳಗೆ ಹೋಗಿ ಬಂದಿದ್ದ. ಮುಖವಾಡ ಸಂಗ್ರಹಿಸುವ ಗ್ರೇಡಿ ಥೂನ್.

* * *

"ಹದಿನೈದು ವರ್ಷದಿಂದ ಮಾರು ಅಂತ ಬೇಡ್ಕೊಳ್ತಿದೀನಿ. ಹೂಂ ಅಂದಿಲ್ಲ ಆ ಮುದುಕಿ," ಅಂದ ಗ್ರೇಡಿ. ಕೋಣೆ, ಚೀಲ, ಕಾರು, ಎಲ್ಲ ತೋರಿಸಿದ. ಏನೂ ಸಿಗಲಿಲ್ಲ. "ಪೆಟ್ಟಿಗೆಗೆ ಬೀಗ ಹಾಕಿತ್ತು. ಮುಟ್ಟಿ ಬಂದೆ. ದೇವಸ್ಥಾನಕ್ಕೆ ಹೋದಂಗೆ."

ರೆನಾಟಾ ಮುಖವಾಡ ಮುಂದಿಟ್ಟರು. ಆತ ತಿರುಗಿಸಿ ನೋಡಿದ. ಪೆಟ್ಟಿಗೆಯಲ್ಲೇ ಇದ್ದ ಅದರ ಹಳೆಯ ಮರದ ಸ್ಟ್ಯಾಂಡಿಗೆ ಹಾಕಿದ. ಬಿಗಿಯಾಯಿತು. ಕೆಳಗೆ ಇಳಿಯಲೇ ಇಲ್ಲ.

"ಅಯ್ಯೋ," ಅಂದ. ಆತನ ಮುಖ ಸಪ್ಪಗಾಯಿತು. "ನಕಲು ಕಣ್ರೀ. ಅಸಲಿನ ಮೇಲೇ ಅಚ್ಚು ತೆಗ್ದಿದಾರೆ. ಹೊಸ ರಬ್ಬರ್ ಒಣಗ್ತಾ ಕುಗ್ಗುತ್ತೆ, ಅದ್ಕೇ ಚಿಕ್ಕದಾಗಿದೆ. ಕಮ್ಮಿ ಅಂದ್ರೂ ಒಂದು ವಾರದ ಕೆಲಸ. ಆದ್ರೆ ಬಣ್ಣ ನೋಡಿ, ಒಂದೊಂದು ಬಿರುಕೂ ಬರೆದಿದಾನೆ. ಇದನ್ನ ಮಾಡಿದೋನಿಗೆ ಈ ಪಿಶಾಚಿ ಅಂದ್ರೆ ಪ್ರಾಣ."

"ಪ್ರಾಣ ಅನ್ನೋರು ಎಷ್ಟು ಜನ ಇದಾರೆ?"

"ಹೊರಗೆ ಸಾಲಲ್ಲಿ ನಿಂತಿದಾರಲ್ಲ, ಎಣಿಸ್ಕೊಳ್ಳಿ."

ರೆನಾಟಾ ನಿಟ್ಟುಸಿರು ಬಿಟ್ಟರು. ನಾನು ಸುಮ್ಮನಿರಲಾರದೆ ಫೋನಿನ ಟಾರ್ಚ್ ಹಾಕಿ, ಕ್ಯಾಮೆರಾ ಹತ್ತಿರ ಮಾಡಿ ನೋಡುತ್ತಿದ್ದೆ. ಕಿವಿಯ ಹಿಂದೆ ಏನೋ ಮಿನುಗಿತು. ಕಿತ್ತಳೆ ಬಣ್ಣದ ಒಂದು ಕೂದಲು. ಉಗುರಿನಿಂದ ಎಳೆದೆ. ಬರಲಿಲ್ಲ.

"ಮೇಡಂ, ಇದು ಮೇಲೆ ಅಂಟಿದ್ದಲ್ಲ. ಅರ್ಧ ರಬ್ಬರ್ ಒಳಗಿದೆ!"

* * *

ಅಷ್ಟು ಹೊತ್ತಿಗೆ ಬಾಗಿಲು ತೆರೆದಿತ್ತು. ಇಮೋಜೀನ್ ಹಸ್ತಾಕ್ಷರದ ಮೇಜಿನ ಹಿಂದೆ ಕೂತಿದ್ದರು. ಟೋಬಿನ್ ಅವರಿಗೆ ಕಾಫಿ ತಂದುಕೊಟ್ಟಿದ್ದ.

"ಮೇಡಂ, ನಿಮ್ಮನೇಲಿ ಬೆಕ್ಕಿದ್ಯಾ?" ರೆನಾಟಾ ಕೇಳಿದರು.

"ಪಿಕಲ್ ಅಂತ. ಕಿತ್ತಳೆ ಬಣ್ಣದ್ದು. ನಾನು ಆಸ್ಪತ್ರೇಲಿದ್ದಾಗ ಅದಕ್ಕೆ ಊಟ ಹಾಕ್ತಿದ್ದೋನು..." ಇಮೋಜೀನ್ ಮಾತು ನಿಲ್ಲಿಸಿದರು.

"ಹೌದು," ಅಂದರು ರೆನಾಟಾ. "ಬೆಕ್ಕಿನ ಕೂದಲು ರಬ್ಬರ್ ಹಸಿ ಇದ್ದಾಗಲೇ ಬಿದ್ದಿದೆ. ಹಾಗಾದ್ರೆ ನಕಲು ತಯಾರಾಗಿದ್ದು ನಿಮ್ಮನೇಲೇ, ನೀವಿಲ್ದಾಗ. ಗ್ರೇಡಿ ಹತ್ತು ನಿಮಿಷ ಉಗ್ರಾಣದಲ್ಲಿದ್ದ. ಇದು ವಾರದ ಕೆಲಸ. ಮೂರು ವಾರ ಮನೆ ಕೀ ಇದ್ದಿದ್ದು ಯಾರ ಹತ್ರ, ಟೋಬಿನ್?"

ಟೋಬಿನ್ ನೆಲ ನೋಡಿದ.

"ಮಾರೋಕಲ್ಲ. ಆಣೆ," ಅಂದ. "ನೊರೆ ರಬ್ಬರ್ ಪುಡಿಯಾಗ್ತಿತ್ತು. ಇನ್ನೆರಡು ವರ್ಷಕ್ಕೆ ಏನೂ ಉಳೀತಿರಲಿಲ್ಲ. ಒಂದು ಪ್ರತಿ ಮಾಡಿಡೋಣ ಅಂತ ಅಚ್ಚು ತೆಗ್ದೆ. ಬಿಡಿಸುವಾಗ... ಬಿಸ್ಕತ್ತಿನ ಥರ ಒಡೆದೋಯ್ತು."

"ಚೂರುಗಳು?" ಇಮೋಜೀನ್ ಕೇಳಿದರು.

"ಕಸಕ್ಕೆ ಹಾಕ್ದೆ. ಕಸದ ಗಾಡಿ ಬಂದು ಒಯ್ದು ಎರಡು ವಾರ ಆಯ್ತು."

"ಆ ಅಚ್ಚಲ್ಲಿ ಒಳಗಡೆ ಮುಖ ಇಲ್ವಾ?"

"ಒಳಗಡೆ ಯೋಚನೇನೇ ಬರಲಿಲ್ಲ, ಮಿಸ್ ಜೀನ್. ಪಿಶಾಚಿ ಮುಖ ಉಳಿಸಬೇಕು ಅಂತಷ್ಟೇ ಇತ್ತು. ನಿಮಗೆ ಹೇಗೂ ಕಾಣಲ್ಲ, ಗೊತ್ತಾಗಲ್ಲ ಅಂದ್ಕೊಂಡೆ."

ಇಮೋಜೀನ್ ತಣ್ಣಗೆ ಕೇಳಿದರು. "ಕಣ್ಣಿರೋರಿಗೆ ಯಾರಿಗಾದ್ರೂ ಗೊತ್ತಾಯ್ತಾ, ಮಗೂ?"

ಲೀಲ್ಯಾಂಡ್ ಮುಖದ ಆ ಪ್ಲಾಸ್ಟರ್ ತಲೆ ಎಲ್ಲಾದರೂ ಉಳಿದಿದೆಯಾ ಅಂತ ನಾನು ಕೇಳಿದೆ. ಸ್ಟುಡಿಯೋ ಮುಚ್ಚಿದಾಗಲೇ ಒಡೆದುಹಾಕಿದ್ದರಂತೆ.

"ಪೊಲೀಸ್ ಕರೀಲಾ ಮೇಡಂ?" ರೆನಾಟಾ ಕೇಳಿದರು.

"ಕರೆದ್ರೆ ಏನ್ ತಂದ್ಕೊಡ್ತಾರೆ?" ಇಮೋಜೀನ್ ಮೇಜು ಹಿಡಿದು ಎದ್ದರು. "ಗಾಡಿ ತೆಗಿ ಟೋಬಿನ್. ಮನೆಗೆ ಬಿಡು."

"ನಾನಾ?"

"ನಾಲ್ಕು ಗಂಟೆ ದಾರಿ. ಇನ್ಯಾರಿದಾರೆ ನಂಗೆ?"

ಪಾರ್ಕಿಂಗ್‌ವರೆಗೆ ಕೈ ಹಿಡಿದು ಕರೆದುಕೊಂಡು ಹೋದೆ. ಮಾರ್ಚ್ ತಿಂಗಳ ಗಾಳಿ ಕೊರೆಯುತ್ತಿತ್ತು. ಟೋಬಿನ್ ಎಂದಿನಂತೆ ಮುಂದಿನ ಬಾಗಿಲು ತೆರೆದ. ಇಮೋಜೀನ್ ಅದನ್ನು ದಾಟಿ, ಕಾರಿನ ಮೈ ತಡವಿಕೊಂಡು ಹಿಂದಿನ ಬಾಗಿಲು ಹುಡುಕಿ ಕೂತರು. ಚೀಲದಿಂದ ಉಣ್ಣೆಯ ಕೈಗವಸು ತೆಗೆದು, ದಿನಾ ಗಂಡನನ್ನು ನೋಡುತ್ತಿದ್ದ ಬೆರಳುಗಳನ್ನು ಒಂದೊಂದಾಗಿ ತೂರಿಸಿ ಹಾಕಿಕೊಂಡರು.