ಮೂವತ್ತೊಂದನೆಯ ಸೀಸೆ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಆಸ್ಪತ್ರೆಯ ಡಾಕ್ಟರಮ್ಮ ಠಾಣೆಗೆ ಬಂದು, ಕೂರಿ ಅನ್ನುವ ಮೊದಲೇ ದೂರಿನ ಹಾಳೆಯನ್ನು ಮೇಜಿನ ಮೇಲಿಟ್ಟರು. ಇನ್‌ಸ್ಪೆಕ್ಟರ್ ಮೇಡಂ ಓದಿ ಅದನ್ನು ದಫೇದಾರರ ಕಡೆ ತಳ್ಳಿದರು. ದಫೇದಾರರ ನಿವೃತ್ತಿಗೆ ಇನ್ನೂ ಏಳು ತಿಂಗಳಿತ್ತು. ಹೊಟ್ಟೆ ಮಾತ್ರ ಈಗಲೇ ಮೇಜಿಗೆ ಒರಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು.

“ರಕ್ತ ಕಳವಾಗಿದೆಯಾ?” ಎಂದರು ದಫೇದಾರರು.

“ಕಳವಲ್ಲ, ಅದಲುಬದಲು. ಸೊಂಟದ ಬೊಜ್ಜು, ಬಿಪಿ, ಸಕ್ಕರೆ, ಕೊಬ್ಬು, ನಾಲ್ಕೂ ಒಟ್ಟಿಗೆ ಏರಿದವರ ರಕ್ತ ಪರೀಕ್ಷೆ ಮಾಡ್ತಿದ್ದೀವಿ, ಒಂದು ಸಂಶೋಧನೆಗೆ. ಅಂಥವರ ಮೈಯಲ್ಲಿ ಕೊಬ್ಬು ಒಳಗೊಳಗೇ ಕಮಟು ಹಿಡಿಯುತ್ತೆ, ಹಳೇ ಎಣ್ಣೆ ಥರ. ಎಷ್ಟು ಹಿಡಿದಿದೆ ಅಂತ ರಕ್ತದಲ್ಲಿ ಅಳೀಬಹುದು. ಮೂವತ್ತೊಂದನೇ ನಂಬರಿನವರಿಗೆ ನಾಲ್ಕೂ ಇದೆ, ಕಮಟು ಮಾತ್ರ ಇಲ್ಲ. ಅನುಮಾನ ಬಂದು ರಕ್ತದ ಗುಂಪು ನೋಡಿದೆ. ಆತನ ದಾಖಲೆಯಲ್ಲಿರೋ ಗುಂಪೇ ಬೇರೆ.”

“ಇದರಿಂದ ಯಾರಿಗೇನು ನಷ್ಟ?”

“ಕಮಟಿಲ್ಲ ಅಂತ ನಾವು ಕೊಟ್ಟ ಚೀಟಿ ನೋಡಿ ಆತ ಬಿಪಿ, ಸಕ್ಕರೆ ಮಾತ್ರೆ ಬಿಟ್ಟಿದ್ದಾನೆ, ಮೂರು ವಾರದಿಂದ. ಎದೆ ಯಾವತ್ತು ಕೈಕೊಡುತ್ತೋ!”

ಮೂವತ್ತೊಂದು ಅಂದರೆ ಆಂಬುಲೆನ್ಸ್ ಡ್ರೈವರ್. ಹತ್ತು ಐವತ್ತಕ್ಕೆ ಎಫ್‌ಐಆರ್ ಆಯಿತು.

ಹನ್ನೊಂದು ನಲವತ್ತಕ್ಕೆ ಪ್ರಯೋಗಾಲಯದಲ್ಲಿ, ಇಬ್ಬರು ಪಂಚರ ಮುಂದೆ ಫ್ರೀಜರ್ ತೆಗೆಸಿದರು. ಬೆರಳುದ್ದದ ನಲವತ್ತು ಸೀಸೆಗಳು, ಬೆಳಕು ತಾಗದಂತೆ ಒಂದೊಂದಕ್ಕೂ ಬೆಳ್ಳಿ ಹಾಳೆ ಸುತ್ತಿತ್ತು.

“ನಂಬರ್ ಸೀಸೆ ಮೇಲಿಲ್ವಾ?” ಮೇಡಂ ಕೇಳಿದರು.

ಟೆಕ್ನಿಷಿಯನ್ ತಲೆ ಕೆರೆದುಕೊಂಡ. “ಐಸ್ ನೀರಿಗೆ ಶಾಯಿ ಅಳಿಸಿಹೋಗುತ್ತೆ ಮೇಡಂ. ಅದಕ್ಕೇ ಹಾಳೆ ಮೇಲೆ ಅಂಟಿಸ್ತೀವಿ.”

“ಚೆನ್ನಾಗಿದೆ. ಅಂಗಿ ಬದಲಾದರೆ ಆಳೇ ಬದಲು!”

ಪಂಚನಾಮೆ ಬರೆಯುತ್ತಿದ್ದ ದಫೇದಾರರು ಪೆನ್ನು ನಿಲ್ಲಿಸಿದರು. ಮೂವತ್ತೆಂಟು ಸೀಸೆಗಳ ಹಾಳೆಯನ್ನು ಎರಡೂ ತುದಿಯಲ್ಲಿ ಚಾಕೊಲೇಟಿನಂತೆ ತಿರುಚಲಾಗಿತ್ತು. ಮೂವತ್ತೊಂದು ಮತ್ತು ನಲವತ್ತನೆಯದರ ಮೂಲೆಗಳನ್ನು ಮಾತ್ರ ಒಳಮಡಿಚಿ, ಹೆಬ್ಬೆರಳಿನಿಂದ ಒತ್ತಿ ಸಪಾಟು ಮಾಡಲಾಗಿತ್ತು. ಅರ್ಧ ಗಂಟೆ ಹಿಂದೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವರು ತಿಂದ ಬ್ರೆಡ್ಡಿಗೆ ಸುತ್ತಿದ್ದ ಬೆಳ್ಳಿ ಹಾಳೆಗೂ ಇಂಥದೇ ಮಡಿಕೆ ಇತ್ತು. ಅವರು ಜೇಬಿನಿಂದ ಆ ಹಾಳೆ ತೆಗೆದು ಪಕ್ಕದಲ್ಲಿಟ್ಟರು.

“ಜೇಬಲ್ಲಿ ಯಾಕಿಟ್ಕೊಂಡ್ರಿ?” ಮೇಡಂ ಕೇಳಿದರು.

“ಇನ್ನೊಂದು ತುಂಡು ಮಿಕ್ಕಿತ್ತು ಮೇಡಂ,” ಎಂದು ದಫೇದಾರರು ನಾಚಿದರು.

“ನಲವತ್ತನೇದು ಯಾರದ್ದು?”

“ಕ್ಯಾಂಟೀನ್ ಅಕ್ಕಂದು,” ಎಂದ ಟೆಕ್ನಿಷಿಯನ್. “ಡ್ರೈವರಣ್ಣನ ಹೆಂಡತಿ. ಹೋಲಿಸೋಕೆ ಆರೋಗ್ಯವಾಗಿರೋರ ರಕ್ತವೂ ಬೇಕಿತ್ತು, ಕೊಟ್ಟರು. ರಕ್ತ ತೆಗೆದ ದಿನ ಹನ್ನೊಂದಕ್ಕೆ ಅವರು ಟೀ ತಂದಾಗ ನಾನು ಪಕ್ಕದ ಕೋಣೆಗೆ ಹೋಗಿದ್ದೆ.”

ಹನ್ನೆರಡೂವರೆಗೆ ಕ್ಯಾಂಟೀನಿನ ಹಿಂಬದಿಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ, ವಿಚಾರಣೆ ನಡೆಯಿತು.

“ಸೀಸೆ ಮುಟ್ಟಿದ್ದು ಯಾರಮ್ಮ?” ಮೇಡಂ ಕೇಳಿದರು.

“ನಾನೇ.” ಆಕೆ ಸೆರಗಿಗೆ ಕೈ ಒರೆಸಿಕೊಂಡಳು. “ರಕ್ತ ಕೆಟ್ಟಿದೆ ಅಂದ್ರೆ ಅವರನ್ನ ಗಾಡಿಯಿಂದ ಇಳಿಸ್ತಾರೆ ಅಂತ ಯಾರೋ ಅಂದ್ರು.”

“ಸಂಶೋಧನೆ ಲೆಕ್ಕ ಗಾಡಿ ಆಫೀಸಿಗೆ ಹೋಗಲ್ಲಮ್ಮ,” ಎಂದರು ಡಾಕ್ಟರಮ್ಮ. “ಒಂದು ಮಾತು ಕೇಳಬಾರದಿತ್ತಾ? ಅವರು ಮಾತ್ರೆ ಬಿಟ್ಟಿರೋದು ಗೊತ್ತಾ?”

“ಬೆಳಿಗ್ಗೆ ಡಬ್ಬಿಯಿಂದ ತೆಗೀತಿದ್ದರಲ್ಲಾ...” ಆಕೆಯ ಮುಖ ಬಿಳಿಚಿಕೊಂಡಿತು. ಬಂಧನದ ಮಾತು ಇನ್ನೂ ಬಂದೇ ಇರಲಿಲ್ಲ.

ಒಂದು ಹತ್ತಕ್ಕೆ ಬಂಧನ ಆಯಿತು. ಜಾಮೀನು ಸಿಗುವ ಅಪರಾಧ. ಗಂಡ ಠಾಣೆಗೆ ಏದುಸಿರು ಬಿಡುತ್ತಾ ಬಂದ.

“ನಿನಗೇನು ಹುಚ್ಚಾ ಕಣೇ?”

“ನೀವು ಮಾತ್ರೆ ಯಾಕ್ರೀ ಬಿಟ್ರಿ?”

“ಚೆನ್ನಾಗಿದ್ದೀಯ ಅಂತ ಚೀಟಿ ಬಂತಲ್ಲ. ಡಬ್ಬಿ ತೆಗೆದು ಮುಚ್ಚಿಡ್ತಿದ್ದೆ, ನೀನು ಬೈತೀಯ ಅಂತ.”

“ಹೋದ ವರ್ಷ ಕಾಲು ಮುರಿದು ಗಾಡಿ ಬಿಟ್ಟಾಗ ಎರಡು ತಿಂಗಳು ಗೋಡೆ ನೋಡ್ತಾ ಕೂತಿದ್ರಿ. ಊಟ ಇಟ್ಟರೂ ಗೊತ್ತಾಗ್ತಿರಲಿಲ್ಲ. ಇನ್ನೊಂದ್ಸಲ ನನ್ನಿಂದ ನೋಡೋಕಾಗಲ್ಲ ಅನ್ನಿಸ್ತು.”

ಡ್ರೈವರ್ ಜಾಮೀನು ಪತ್ರಕ್ಕೆ ಸಹಿ ಹಾಕಿದ. ಹೊಸದಾಗಿ ರಕ್ತ ತೆಗೆಯಲು ಡಾಕ್ಟರಮ್ಮ ಸಂಜೆ ನಾಲ್ಕಕ್ಕೆ ಬರಹೇಳಿದ್ದರು.

ದಫೇದಾರರು ಕೇಸ್ ಡೈರಿ ತೆರೆದು, ಉದ್ದೇಶ ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ದ್ವೇಷವೂ ಅಲ್ಲ, ಲಾಭವೂ ಅಲ್ಲ. ಕೊನೆಗೆ ದುಂಡಗೆ ಬರೆದರು: “ಆರೋಪಿಗೆ ಗಂಡನಿಗೇನಾಗುವುದೋ ಎಂಬ ಭಯವಿತ್ತು. ಕೇಳಲು ಧೈರ್ಯವಿರಲಿಲ್ಲ.”

ಕಿಟಕಿಯಾಚೆ ಗಂಡ ಹೆಂಡತಿ ಗೇಟು ದಾಟುತ್ತಿದ್ದರು. ಆಕೆ ಚೀಲದಿಂದ ನೀರಿನ ಬಾಟಲಿ ತೆಗೆದುಕೊಟ್ಟಳು. ಅವನು ಮಾತ್ರೆ ನುಂಗಿ, ಬಾಯಿ ತೆರೆದು ತೋರಿಸಿದ.